ಆವೃತ್ತಿ ನಿಯಂತ್ರಣ ಮತ್ತು ಮರುಸಾಧ್ಯ ದತ್ತಾಂಶ ವಿಶ್ಲೇಷಣೆ: ವಿದ್ಯಾರ್ಥಿಗಳಿಗೂ ರಕ್ಷಕರಿಗೂ ಒಂದು ಪರಿಚಯ

ಗಣಕದಲ್ಲಿರುವ ಕಡತವೊಂದು ಕಾಲಕಾಲಕ್ಕೆ ಹೇಗೆ ಬದಲಾಯಿತು, ಯಾರು ಬದಲಾಯಿಸಿದರು, ಏಕೆ ಬದಲಾಯಿಸಿದರು ಎಂಬುದನ್ನು ಕ್ರಮವಾಗಿ ದಾಖಲಿಸಿಡುವ ಪದ್ಧತಿಗೆ ಆವೃತ್ತಿ ನಿಯಂತ್ರಣ ಎಂದು ಹೆಸರು. ಒಬ್ಬರು ಮಾಡಿದ ಲೆಕ್ಕವನ್ನು ಅದೇ ಅಂಕಿಅಂಶ, ಅದೇ ವಿಧಾನ ಬಳಸಿ ಇನ್ನೊಬ್ಬರು ಮಾಡಿದಾಗ ಅದೇ ಉತ್ತರ ದೊರೆಯುವಂತೆ ಕೆಲಸವನ್ನು ಜೋಡಿಸುವುದು ಮರುಸಾಧ್ಯ ವಿಶ್ಲೇಷಣೆ. ಈ ಎರಡೂ ವಿದ್ಯೆಗಳು ಇಂದು ವಿಜ್ಞಾನ, ವಾಣಿಜ್ಯ, ಆಡಳಿತ ಕ್ಷೇತ್ರಗಳಲ್ಲಿ ಅಗತ್ಯವೆನಿಸಿವೆ. ಆದರೆ ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇವು ಪದವಿ ತರಗತಿಗೆ ಹೋದ ಮೇಲೆ, ಅದೂ ಪರಭಾಷೆಯಲ್ಲಿ, ಒಮ್ಮೆಲೇ ಎದುರಾಗುತ್ತವೆ. ಪ್ರೌಢಶಾಲೆಯ ಹಂತದಲ್ಲಿಯೇ ಇವುಗಳ ತಿರುಳನ್ನು ಕನ್ನಡದಲ್ಲಿ ತಿಳಿಸಿಕೊಡಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಆದೇಶಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಗಣಕದಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿ ಬೆರಳಚ್ಚಿಸಬೇಕು.

ನಮಗೇಕೆ ಈ ವಿದ್ಯೆ?

ಭಾಷಾ ಅಲ್ಪಸಂಖ್ಯಾತರ ಹಕ್ಕುಗಳು ಬಹುಮಟ್ಟಿಗೆ ಅಂಕಿಗಳ ಮೇಲೆ ನಿಂತಿವೆ. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಹೇಳುತ್ತದೆ. ಅದಕ್ಕೂ ಮೊದಲೇ, 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವು ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯ ಅಧ್ಯಾಪಕರನ್ನು ಕೊಡಬೇಕೆಂಬ ಸೂತ್ರವನ್ನು ಮುಂದಿಟ್ಟಿತ್ತು. ಹತ್ತು ಎಂಬುದು ಒಂಬತ್ತಾದರೆ ವಾದವೇ ಬದಲಾಗುತ್ತದೆ. ಪಟ್ಟಿಯ ಒಂದು ಸಾಲು ಬಿಟ್ಟುಹೋಗುವುದು ಸಣ್ಣ ತಪ್ಪಲ್ಲ.

ಇದನ್ನು ನಾವು ಅನುಭವದಿಂದ ಕಲಿತೆವು. ಕೆಲವು ವರ್ಷಗಳ ಹಿಂದೆ ನಾಲ್ಕೈದು ಮಂದಿ ಅಧ್ಯಾಪಕರು ಸೇರಿ ಕನ್ನಡ ವಿಭಾಗಗಳ ದಾಖಲಾತಿಯ ಅಂಕಿಗಳನ್ನು ಸಂಗ್ರಹಿಸಿದೆವು. ಕಡತವು ಒಬ್ಬರಿಂದೊಬ್ಬರಿಗೆ ವಾಟ್ಸಾಪಿನಲ್ಲಿ ಹೋಗಿ ಬಂದಂತೆ ‘ಅಂತಿಮ’, ‘ಅಂತಿಮ 2’, ‘ನಿಜವಾದ ಅಂತಿಮ’ ಎಂಬ ಹೆಸರುಗಳನ್ನು ಪಡೆಯಿತು. ಮನವಿಯನ್ನು ಸಲ್ಲಿಸಿದಾಗ ಮೊದಲ ಪುಟದ ಒಟ್ಟು ಮೊತ್ತವೂ ಅನುಬಂಧದ ಒಟ್ಟು ಮೊತ್ತವೂ ತಾಳೆಯಾಗಲಿಲ್ಲ. ಎದುರಿಗಿದ್ದ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ‘ಇವುಗಳಲ್ಲಿ ಯಾವುದು ಸರಿ?’ ನಮಗೆ ಉತ್ತರ ಗೊತ್ತಿರಲಿಲ್ಲ. ಯಾವ ಸಂಖ್ಯೆಯನ್ನು ಯಾರು, ಯಾವಾಗ ತಿದ್ದಿದರೆಂಬ ದಾಖಲೆ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಮನವಿ ಹಿಂದಕ್ಕೆ ಬಂತು. ತಪ್ಪು ಪೂರ್ತಿಯಾಗಿ ನಮ್ಮದೇ ಆಗಿತ್ತು.

ಅಮೆರಿಕದ ವಿದ್ಯಾರ್ಥಿಯೊಬ್ಬ ಕಂಡ ತಪ್ಪು

ಇಂಥ ತಪ್ಪು ದೊಡ್ಡವರಿಂದಲೂ ಆಗುತ್ತದೆ ಎಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಅವರು ಸರಕಾರಗಳ ಸಾಲಕ್ಕೂ ಆರ್ಥಿಕ ಬೆಳವಣಿಗೆಗೂ ಇರುವ ಸಂಬಂಧದ ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಸಾಲವು ರಾಷ್ಟ್ರೀಯ ಉತ್ಪನ್ನದ ಶೇಕಡಾ 90ನ್ನು ಮೀರಿದ ಮುಂದುವರಿದ ದೇಶಗಳಲ್ಲಿ ಯುದ್ಧೋತ್ತರ ಅವಧಿಯ ಸರಾಸರಿ ಬೆಳವಣಿಗೆ ಶೇಕಡಾ ಮೈನಸ್ 0.1 ಎಂದು ಅದರಲ್ಲಿ ತೋರಿಸಲಾಗಿತ್ತು. ಸರಕಾರಗಳು ವೆಚ್ಚ ಕಡಿತ ಮಾಡಬೇಕೆಂದು ವಾದಿಸಿದ ಅನೇಕ ರಾಜಕಾರಣಿಗಳು ಈ ಪ್ರಬಂಧವನ್ನು ಆಧಾರವಾಗಿ ಉಲ್ಲೇಖಿಸಿದರು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕೇಂದ್ರದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಥಾಮಸ್ ಹರ್ಂಡನ್ ಅವರಿಗೆ, ಪ್ರಕಟಿತ ಪ್ರಬಂಧವೊಂದರ ಲೆಕ್ಕವನ್ನು ಮರಳಿ ಮಾಡಿ ತೋರಿಸುವುದು ತರಗತಿಯ ಅಭ್ಯಾಸವಾಗಿತ್ತು. ಅವರು ಈ ಪ್ರಬಂಧವನ್ನು ಆರಿಸಿಕೊಂಡರು. ಎಷ್ಟು ಪ್ರಯತ್ನಿಸಿದರೂ ಉತ್ತರ ಹೊಂದಲಿಲ್ಲ. ಕೊನೆಗೆ ಲೇಖಕರನ್ನೇ ಕೇಳಿದಾಗ ಅವರು ತಮ್ಮ ಎಕ್ಸೆಲ್ ಕಡತವನ್ನು ಕಳುಹಿಸಿಕೊಟ್ಟರು. ಅದನ್ನು ತೆರೆದು ನೋಡಿದಾಗ, 30ರಿಂದ 49ನೆಯ ಸಾಲಿನವರೆಗೆ ತೆಗೆಯಬೇಕಾಗಿದ್ದ ಸರಾಸರಿಯನ್ನು 44ನೆಯ ಸಾಲಿಗೇ ನಿಲ್ಲಿಸಿದ್ದು ಕಂಡುಬಂತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಎಂಬ ಐದು ದೇಶಗಳು ಲೆಕ್ಕದಿಂದ ಹೊರಗುಳಿದಿದ್ದವು.

ದೋಷ ಅದೊಂದೇ ಆಗಿರಲಿಲ್ಲ. ಕೆಲವು ದೇಶಗಳ ಕೆಲವು ವರ್ಷಗಳ ಅಂಕಿಗಳು ಸೇರಿರಲಿಲ್ಲ. ಸರಾಸರಿ ತೆಗೆದ ಕ್ರಮವೂ ಚರ್ಚಾಸ್ಪದವಾಗಿತ್ತು: ನ್ಯೂಜಿಲೆಂಡಿನ ಒಂದೇ ವರ್ಷದ ಶೇಕಡಾ ಮೈನಸ್ 7.6 ಎಂಬ ಅಂಕಿಗೂ ಬ್ರಿಟನ್ನಿನ 19 ವರ್ಷಗಳ ಶೇಕಡಾ 2.4ರ ಸರಾಸರಿಗೂ ಸಮಾನ ತೂಕ ಕೊಡಲಾಗಿತ್ತು. 2013ರಲ್ಲಿ ಹರ್ಂಡನ್ ಅವರು ತಮ್ಮ ಅಧ್ಯಾಪಕರಾದ ಮೈಕೆಲ್ ಆಶ್ ಮತ್ತು ರಾಬರ್ಟ್ ಪೋಲಿನ್ ಅವರೊಂದಿಗೆ ಪ್ರಕಟಿಸಿದ ತಿದ್ದುಪಡಿಯ ಲೆಕ್ಕದಲ್ಲಿ ಆ ಸರಾಸರಿ ಶೇಕಡಾ 2.2 ಎಂದು ಬಂತು. ಮೂಲ ಲೇಖಕರು ಎಕ್ಸೆಲ್ ತಪ್ಪನ್ನು ಒಪ್ಪಿಕೊಂಡರು. ಹೆಚ್ಚು ಸಾಲವಿದ್ದಲ್ಲಿ ಬೆಳವಣಿಗೆ ಕಡಿಮೆ ಎಂಬ ತಮ್ಮ ಮುಖ್ಯ ನಿಲುವು ಉಳಿಯುತ್ತದೆಂದು ವಾದಿಸಿದರು.

ಆ ವಿದ್ಯಾರ್ಥಿಯ ಬುದ್ಧಿವಂತಿಕೆ ದೊಡ್ಡದು, ನಿಜ. ಆದರೆ ಕಡತ ಕೈಗೆ ಸಿಗುವವರೆಗೆ ಆ ಬುದ್ಧಿವಂತಿಕೆಯಿಂದ ತಪ್ಪು ಎಲ್ಲಿದೆಯೆಂದು ಹೇಳಲಾಗಲಿಲ್ಲ ಎಂಬುದು ನಾವು ಗಮನಿಸಬೇಕಾದ ಅಂಶ. ಉತ್ತರದ ಜೊತೆಗೆ ಲೆಕ್ಕದ ದಾರಿಯನ್ನೂ ಬಿಚ್ಚಿಟ್ಟರೆ ಮಾತ್ರ ತಪ್ಪನ್ನು ತಿದ್ದಲು ಸಾಧ್ಯ.

ಆವೃತ್ತಿ ನಿಯಂತ್ರಣ ಬೆಳೆದು ಬಂದ ಬಗೆ

1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್ ಎಂಬ ವ್ಯವಸ್ಥೆ ಈ ಕ್ಷೇತ್ರದ ಮೊದಲಿಗರಲ್ಲೊಂದು. 1980ರ ದಶಕದಲ್ಲಿ ವಾಲ್ಟರ್ ಟಿಖಿ ಅವರ ಆರ್‌ಸಿಎಸ್, ಬಳಿಕ ಸಿವಿಎಸ್, 2000ದಲ್ಲಿ ಆರಂಭವಾದ ಸಬ್‌ವರ್ಷನ್ ಬಂದವು. ಸಿವಿಎಸ್ ಮತ್ತು ಸಬ್‌ವರ್ಷನ್ ವ್ಯವಸ್ಥೆಗಳಲ್ಲಿ ಇತಿಹಾಸವೆಲ್ಲ ಒಂದು ಕೇಂದ್ರ ಗಣಕದಲ್ಲಿರುತ್ತಿತ್ತು.

ಇಂದು ಹೆಚ್ಚು ಬಳಕೆಯಲ್ಲಿರುವುದು ಗಿಟ್. ಲಿನಕ್ಸ್ ಕರ್ನಲ್ಲಿನ ಅಭಿವೃದ್ಧಿಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶದ ಉಚಿತ ಪರವಾನಗಿ ಹಿಂದೆಗೆದುಕೊಳ್ಳಲ್ಪಟ್ಟಾಗ, ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆಯಲಾರಂಭಿಸಿದರು. ಕೆಲವೇ ದಿನಗಳಲ್ಲಿ ಅದು ತನ್ನದೇ ಇತಿಹಾಸವನ್ನು ಕಾಯುವಷ್ಟು ಸಿದ್ಧವಾಯಿತು. ಅದೇ ವರ್ಷ ಜುಲೈಯಲ್ಲಿ ಜುನಿಯೊ ಹಮಾನೊ ಅದರ ನಿರ್ವಹಣೆಯನ್ನು ವಹಿಸಿಕೊಂಡರು. ಗಿಟ್ ಮುಕ್ತ ತಂತ್ರಾಂಶ; ಹಣ ತೆರಬೇಕಾಗಿಲ್ಲ.

ಗಿಟ್ ಮತ್ತು ಗಿಟ್‌ಹಬ್ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಗಿಟ್ ನಮ್ಮ ಗಣಕದಲ್ಲಿಯೇ ಕೆಲಸ ಮಾಡುವ ಸಾಧನ. 2008ರಲ್ಲಿ ಆರಂಭವಾಗಿ, 2018ರಲ್ಲಿ ಮೈಕ್ರೋಸಾಫ್ಟಿನ ಪಾಲಾದ ಗಿಟ್‌ಹಬ್ ಎಂಬುದು ಗಿಟ್ ಭಂಡಾರಗಳನ್ನು ಅಂತರ್ಜಾಲದಲ್ಲಿ ಇರಿಸುವ ಒಂದು ಸೇವೆ. ಗಿಟ್‌ಲ್ಯಾಬ್, ಕೋಡ್‌ಬರ್ಗ್ ಮೊದಲಾದ ಬೇರೆ ಸೇವೆಗಳೂ ಇವೆ. ಅಂತರ್ಜಾಲವಿಲ್ಲದೆಯೂ ಗಿಟ್ ಬಳಸಬಹುದು. ಸಂಪರ್ಕ ಕೈಕೊಡುವ ಮಲೆನಾಡಿನ, ಗಡಿಯಂಚಿನ ಊರುಗಳ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ಗಿಟ್ ಕೆಲಸ ಮಾಡುವ ರೀತಿ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಪ್ಪು ಬರೆದರೆ ನಾವು ರಬ್ಬರಿನಿಂದ ಅಳಿಸುವುದಿಲ್ಲ. ತಪ್ಪಿನ ಮೇಲೆ ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ಸಹಿ ಹಾಕಿ ದಿನಾಂಕ ನಮೂದಿಸುತ್ತೇವೆ. ಹಳೆಯದೂ ಕಾಣಿಸಬೇಕು, ತಿದ್ದಿದವರೂ ಗೊತ್ತಾಗಬೇಕು. ಗಿಟ್ ಮಾಡುವುದು ಇದನ್ನೇ.

ಗಿಟ್‌ನಲ್ಲಿ ಕಡತವು ಮೂರು ನೆಲೆಗಳನ್ನು ದಾಟುತ್ತದೆ. ಮೊದಲನೆಯದು ನಾವು ಬರೆಯುವ, ತಿದ್ದುವ ಕಡತಕೋಶ. ಎರಡನೆಯದು ಸ್ಟೇಜಿಂಗ್ ಎಂಬ ಸಿದ್ಧತೆಯ ಜಗಲಿ. ಈ ಸಲದ ದಾಖಲೆಗೆ ಯಾವ ಬದಲಾವಣೆಗಳು ಸೇರಬೇಕೆಂದು ಇಲ್ಲಿ ಆರಿಸಿಡುತ್ತೇವೆ. ಮೂರನೆಯದು ರೆಪಾಸಿಟರಿ, ಅಂದರೆ ಭಂಡಾರ. ಭಂಡಾರಕ್ಕೆ ಸೇರಿಸುವ ಕ್ರಿಯೆಗೆ ಕಮಿಟ್ ಎಂದು ಹೆಸರು.

ಪ್ರತಿಯೊಂದು ಕಮಿಟ್‌ನಲ್ಲಿಯೂ ಆ ಕ್ಷಣದ ಕಡತಗಳ ಪೂರ್ಣ ಚಿತ್ರ, ಬರೆದವರ ಹೆಸರು, ಸಮಯ, ಕಾರಣ ತಿಳಿಸುವ ಒಂದು ಟಿಪ್ಪಣಿ ಮತ್ತು ಹಿಂದಿನ ಕಮಿಟ್‌ನ ಗುರುತು ಇರುತ್ತವೆ. ಇವೆಲ್ಲವುಗಳಿಂದ ಲೆಕ್ಕ ಹಾಕಿದ 40 ಅಕ್ಷರಗಳ ಒಂದು ಬೆರಳಚ್ಚು ಆ ಕಮಿಟ್‌ನ ಹೆಸರಾಗುತ್ತದೆ. ಹಳೆಯ ಕಮಿಟ್‌ನಲ್ಲಿ ಒಂದು ಅಕ್ಷರ ಬದಲಾದರೂ ಅದರ ಬೆರಳಚ್ಚು ಬದಲಾಗುತ್ತದೆ. ಅದರ ನಂತರದ ಎಲ್ಲವುಗಳದ್ದೂ ಬದಲಾಗುತ್ತದೆ. ಆದುದರಿಂದ ಯಾರಿಗೂ ತಿಳಿಯದಂತೆ ಇತಿಹಾಸವನ್ನು ತಿದ್ದುವುದು ಕಷ್ಟ.

ಆರಂಭಕ್ಕೆ ಆರು ಆದೇಶಗಳು ಸಾಕು:

- ಗಿಟ್ ಇನಿಟ್: ಕಡತಕೋಶವೊಂದರಲ್ಲಿ ಹೊಸ ಭಂಡಾರ ತೆರೆಯುತ್ತದೆ.
- ಗಿಟ್ ಸ್ಟೇಟಸ್: ಏನು ಬದಲಾಗಿದೆ, ಏನು ದಾಖಲಾಗಿಲ್ಲ ಎಂದು ತಿಳಿಸುತ್ತದೆ.
- ಗಿಟ್ ಆಡ್: ಬದಲಾವಣೆಯನ್ನು ಸಿದ್ಧತೆಯ ಜಗಲಿಗೆ ತರುತ್ತದೆ.
- ಗಿಟ್ ಕಮಿಟ್: ಟಿಪ್ಪಣಿಯೊಂದಿಗೆ ದಾಖಲಿಸುತ್ತದೆ.
- ಗಿಟ್ ಡಿಫ್: ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸುತ್ತದೆ.
- ಗಿಟ್ ಲಾಗ್: ಈವರೆಗಿನ ದಾಖಲೆಗಳ ಪಟ್ಟಿ ಕೊಡುತ್ತದೆ.

ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ‘ತಿದ್ದಿದೆ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ಜೂನ್ 14ರ ಮಳೆ 62 ಎಂದಿತ್ತು, ನೋಟುಪುಸ್ತಕದಲ್ಲಿ 26 ಇದ್ದುದರಿಂದ ಸರಿಪಡಿಸಿದೆ’ ಎಂದು ಬರೆದರೆ ವರ್ಷ ಕಳೆದ ಮೇಲೂ ಅರ್ಥವಾಗುತ್ತದೆ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ, ಇಬ್ಬರ ಕೆಲಸವನ್ನು ಕೂಡಿಸುವಾಗ ಗಿಟ್ ತಾನೇ ತೀರ್ಮಾನಿಸದೆ ನಿಂತು ಕೇಳುತ್ತದೆ. ಮಕ್ಕಳು ಇದನ್ನು ದೋಷವೆಂದು ಹೆದರಬಾರದು. ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿವಿಲ್ಲದೆ ಅಳಿಸದಂತೆ ಅದು ಕಾಯುತ್ತಿದೆ.

ಮರುಸಾಧ್ಯ ವಿಶ್ಲೇಷಣೆಯ ನಿಯಮಗಳು

ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2019ರ ವರದಿಯು ಎರಡು ಮಾತುಗಳನ್ನು ಬೇರ್ಪಡಿಸಿತು. ಅದೇ ದತ್ತಾಂಶ, ಅದೇ ಲೆಕ್ಕಕ್ರಮದಿಂದ ಅದೇ ಉತ್ತರ ಪಡೆಯುವುದು ಒಂದು; ಹೊಸದಾಗಿ ದತ್ತಾಂಶ ಸಂಗ್ರಹಿಸಿದಾಗಲೂ ಹೊಂದುವ ಫಲಿತಾಂಶ ದೊರೆಯುವುದು ಇನ್ನೊಂದು. ಮೊದಲನೆಯದೇ ನಮ್ಮ ವಿಷಯ. ವಿದ್ಯಾರ್ಥಿಯು ಪಾಲಿಸಬೇಕಾದ ನಿಯಮಗಳು ಹೀಗಿವೆ.

ಮೂಲ ದತ್ತಾಂಶವನ್ನು ಮುಟ್ಟಬಾರದು. ಅದನ್ನು ಪ್ರತ್ಯೇಕ ಕಡತಕೋಶದಲ್ಲಿಟ್ಟು, ತಿದ್ದುಪಡಿಗಳನ್ನೆಲ್ಲ ಪ್ರೋಗ್ರಾಮಿನ ಮೂಲಕವೇ ಮಾಡಬೇಕು. ಮೌಸಿನಿಂದ ಎಳೆದು ಮಾಡಿದ ಲೆಕ್ಕಕ್ಕೆ ಸಾಕ್ಷಿ ಉಳಿಯುವುದಿಲ್ಲ. ಬರೆದ ಪ್ರೋಗ್ರಾಮು ತಾನೇ ಸಾಕ್ಷಿ. ಮೂಲ, ಪ್ರೋಗ್ರಾಮು, ಫಲಿತಾಂಶ ಇವುಗಳಿಗೆ ಬೇರೆ ಬೇರೆ ಕೋಶಗಳಿರಬೇಕು. ಫಲಿತಾಂಶದ ಕೋಶವನ್ನು ಪೂರ್ತಿ ಅಳಿಸಿದರೂ ಒಂದೇ ಆದೇಶದಿಂದ ಮತ್ತೆ ಹುಟ್ಟಿಸುವಂತಿರಬೇಕು. ಹೊಸಬರಿಗೆ ದಾರಿ ತೋರುವ ‘ಓದಿ’ ಎಂಬ ಕಡತವೊಂದು ಇರಲಿ.

ಬಳಸಿದ ತಂತ್ರಾಂಶದ ಆವೃತ್ತಿಯನ್ನೂ ನಮೂದಿಸಬೇಕು. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಭಾಷೆಯ 3.6.0 ಆವೃತ್ತಿಯಲ್ಲಿ, 2019ರಲ್ಲಿ, ಯಾದೃಚ್ಛಿಕವಾಗಿ ಮಾದರಿ ಆರಿಸುವ ಕ್ರಮ ಬದಲಾಯಿತು. ಅದೇ ಬೀಜಸಂಖ್ಯೆ ಕೊಟ್ಟರೂ ಹಿಂದಿನ ಆವೃತ್ತಿ ಆರಿಸಿದ ಮಾದರಿ ಸಿಗದೆಹೋಯಿತು. ಜುಪಿಟರ್ ನೋಟ್‌ಬುಕ್ ಬಳಸುವವರು ಕೋಶಗಳನ್ನು ಹಿಂದುಮುಂದಾಗಿ ಚಲಾಯಿಸಿರಬಹುದು. ಒಪ್ಪಿಸುವ ಮೊದಲು ಎಲ್ಲವನ್ನೂ ಆರಂಭದಿಂದ ಒಮ್ಮೆ ಚಲಾಯಿಸಿ ನೋಡಬೇಕು.

ಸಾಧನದ ಮಿತಿಯನ್ನೂ ಅರಿತಿರಬೇಕು. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಹಳೆಯ ಎಕ್ಸೆಲ್ ಮಾದರಿಯ ಕಡತವನ್ನು ಬಳಸಿತ್ತು. ಅದರ ಒಂದು ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಪರಿಣಾಮವಾಗಿ 15,841 ಕೋವಿಡ್ ಪ್ರಕರಣಗಳು ದಿನನಿತ್ಯದ ವರದಿಯಿಂದ ಬಿಟ್ಟುಹೋದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು.

ತರಗತಿಗೊಂದು ಅಭ್ಯಾಸ: ಮಳೆಯ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳ ಮಳೆಯನ್ನು ಶಾಲೆಯ ಮಳೆಮಾಪಕದಿಂದ ದಾಖಲಿಸುವುದು ನಾವು ಸೂಚಿಸುವ ಅಭ್ಯಾಸ. ಭಾರತೀಯ ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಗಳ ಮಳೆಯನ್ನು ಅಳೆಯಬೇಕು. ಕಡತವು ಸಿಎಸ್‌ವಿ ಮಾದರಿಯಲ್ಲಿರಲಿ: ಒಂದು ದಿನಕ್ಕೆ ಒಂದು ಸಾಲು, ದಿನಾಂಕ, ಅಲ್ಪವಿರಾಮ, ಮಿಲಿಮೀಟರ್. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಬೇಕು. 03-06 ಎಂದು ಬರೆದರೆ ಜೂನ್ 3 ಎಂದು ನಾವು ಓದುತ್ತೇವೆ, ಮಾರ್ಚ್ 6 ಎಂದು ಗಣಕ ಓದೀತು.

ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ರಜೆಯ ಕಾರಣ ಅಳೆಯದ ದಿನ ಜಾಗವನ್ನು ಖಾಲಿ ಬಿಡಬೇಕು. ಇವೆರಡನ್ನೂ ಒಂದೇ ಮಾಡಿದರೆ ಸರಾಸರಿ ಸುಳ್ಳಾಗುತ್ತದೆ. ಪ್ರತಿ ವಾರದ ಕೊನೆಗೆ ಒಂದು ಕಮಿಟ್ ಮಾಡಲಿ. ಸೆಪ್ಟೆಂಬರ್ ಮುಗಿದ ಮೇಲೆ ತಿಂಗಳ ಮೊತ್ತ ಮತ್ತು ಮಳೆದಿನಗಳ ಸಂಖ್ಯೆಯನ್ನು ಪೈಥಾನ್ ಪ್ರೋಗ್ರಾಮಿನಿಂದ ತೆಗೆಯಲಿ. ಮಳೆದಿನವೆಂದರೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವೆಂಬುದು ಇಲಾಖೆಯ ವ್ಯಾಖ್ಯೆ. ಹನಿ ಬಿದ್ದ ದಿನಗಳನ್ನೆಲ್ಲ ಎಣಿಸಿದರೆ ಉತ್ತರ ಬೇರೆಯಾಗುತ್ತದೆ. ಆದುದರಿಂದ ವ್ಯಾಖ್ಯೆಯೂ ಪ್ರೋಗ್ರಾಮಿನಲ್ಲಿಯೇ ಬರೆದಿರಬೇಕು.

ಕೊನೆಯ ಪರೀಕ್ಷೆ ಹೀಗೆ: ಒಂದು ಗುಂಪಿನ ಭಂಡಾರವನ್ನು ಪೆನ್‌ಡ್ರೈವಿನಲ್ಲಿ ಮತ್ತೊಂದು ಗುಂಪಿಗೆ ಕೊಡಬೇಕು. ಕೊಟ್ಟವರು ಬಾಯಿಬಿಡಬಾರದು. ಪಡೆದವರಿಗೆ ಅದೇ ಉತ್ತರ ಬಂದರೆ ಕೆಲಸ ಸಫಲ.

ಕೇರಳದ ಸರಕಾರಿ ಶಾಲೆಗಳ ಗಣಕಗಳಲ್ಲಿ ಕೈಟ್ ಸಂಸ್ಥೆ ಒದಗಿಸುವ, ಉಬುಂಟು ಆಧಾರಿತ ಮುಕ್ತ ತಂತ್ರಾಂಶವಿದೆ. ಪ್ರೌಢಶಾಲೆಯ ಐಸಿಟಿ ಪಾಠಗಳಲ್ಲಿ ಪೈಥಾನ್ ಕೂಡ ಬರುತ್ತದೆ. ಹಾಗಾಗಿ ಕಾಸರಗೋಡು, ವಯನಾಡಿನ ಮಕ್ಕಳಿಗೆ ಅರ್ಧ ದಾರಿ ಆಗಲೇ ಸವೆದಿದೆ. ಇತರ ರಾಜ್ಯಗಳ ಗಡಿನಾಡಿನವರು ವಿಂಡೋಸ್ ಗಣಕದಲ್ಲಿಯೂ ಇದೇ ಸಾಧನಗಳನ್ನು ಉಚಿತವಾಗಿ ಸ್ಥಾಪಿಸಿಕೊಳ್ಳಬಹುದು.

ಕನ್ನಡದಲ್ಲಿ ಮಾಡುವಾಗ ಎದುರಾಗುವ ತೊಡಕುಗಳು

ಯುನಿಕೋಡ್ ಬಳಸಿ ಬರೆಯುವುದು ಮೊದಲ ಷರತ್ತು. ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತವು ಆ ಫಾಂಟಿಲ್ಲದೆ ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತದೆ. ಗಿಟ್ ತೋರಿಸುವ ವ್ಯತ್ಯಾಸವನ್ನೂ ಓದಲಾಗದು. ಅಂಥವನ್ನು ಮೊದಲು ಪರಿವರ್ತಿಸಿಕೊಳ್ಳಬೇಕು.

ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ಅದನ್ನು ಓರೆಗೆರೆ ಮತ್ತು ಅಂಕಿಗಳ ಸಾಲಾಗಿ ತೋರಿಸುತ್ತದೆ. ಕಡತಕ್ಕೆ ಏನೂ ಆಗಿಲ್ಲ. ಸೆಟ್ಟಿಂಗ್‌ನಲ್ಲಿ ಕೋರ್ ಡಾಟ್ ಕೋಟ್‌ಪಾತ್ ಎಂಬುದನ್ನು ಫಾಲ್ಸ್ ಎಂದು ಬದಲಾಯಿಸಿದರೆ ಕನ್ನಡ ಅಕ್ಷರಗಳು ಕಾಣಿಸುತ್ತವೆ.

‘ಕಾಸರಗೋಡು’ ಎಂಬುದರಲ್ಲಿರುವ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಲು ಬರುತ್ತದೆ. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಎರಡು ಬೇರೆ ಪದಗಳು. ಪೈಥಾನಿನ ಯುನಿಕೋಡ್‌ಡೇಟಾ ಎಂಬ ಘಟಕದಿಂದ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದ ಬಳಿಕವೇ ಎಣಿಸಬೇಕು.

ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ಒಂದೇ ಊರು ನಮ್ಮ ಬಾಯಲ್ಲಿ ಮಂಜೇಶ್ವರ, ಇನ್ನೊಂದು ದಾಖಲೆಯಲ್ಲಿ ಮಂಜೇಶ್ವರಂ. ಇಲ್ಲಿ ಬೇಡಡ್ಕ, ಅಲ್ಲಿ ಬೇಡಗಂ. ಹಾಗೆಯೇ ಎಣಿಸಿದರೆ ಒಂದು ಊರಿನ ಮಕ್ಕಳು ಎರಡು ಊರುಗಳಿಗೆ ಹಂಚಿಹೋಗುತ್ತಾರೆ, ಎರಡೂ ಕಡೆ ಸಂಖ್ಯೆ ಕಡಿಮೆಯಾಗುತ್ತದೆ. ಮೂಲ ಕಡತದಲ್ಲಿ ಹೆಸರನ್ನು ತಿದ್ದಬಾರದು. ಯಾವ ಹೆಸರು ಯಾವುದಕ್ಕೆ ಸಮಾನವೆಂಬ ಪ್ರತ್ಯೇಕ ಪಟ್ಟಿಯನ್ನು ಮಾಡಿ, ಅದನ್ನೂ ಭಂಡಾರದಲ್ಲಿ ಇಡಬೇಕು. ಆಗ ಯಾರೂ ನಮ್ಮನ್ನು ಅಂಕಿ ತಿರುಚಿದಿರೆಂದು ಹೇಳಲಾರರು.

ಅನುಕೂಲಗಳೂ ಇವೆ. ಪೈಥಾನಿನ ಈಗಿನ ಆವೃತ್ತಿಗಳಲ್ಲಿ ಚರಾಕ್ಷರಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು. ಕನ್ನಡ ಅಂಕಿಗಳನ್ನೂ ಅದು ಸಂಖ್ಯೆಯಾಗಿ ಪರಿವರ್ತಿಸಬಲ್ಲದು. ಎಲ್ಲ ಸಾಧನಗಳೂ ಹಾಗೆ ಮಾಡುವುದಿಲ್ಲವಾದುದರಿಂದ ದತ್ತಾಂಶದಲ್ಲಿ 1, 2, 3 ಎಂದೇ ಬರೆಯುವುದು ಕ್ಷೇಮ.

ರಕ್ಷಕರು ಗಮನಿಸಬೇಕಾದವು

ಗಿಟ್‌ಹಬ್ ಖಾತೆಗೆ ಕನಿಷ್ಠ 13 ವರ್ಷ ವಯಸ್ಸಾಗಿರಬೇಕು. ಮಕ್ಕಳ ಹೆಸರು, ಜನ್ಮದಿನ, ಫೋನ್ ಸಂಖ್ಯೆ, ಆಧಾರ್ ಇರುವ ಯಾವ ಪಟ್ಟಿಯನ್ನೂ ಸಾರ್ವಜನಿಕ ಭಂಡಾರಕ್ಕೆ ಹಾಕಬಾರದು. ಹಾಕಿದ ಮೇಲೆ ಕಡತವನ್ನು ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದಿರುತ್ತದೆ. ಏನನ್ನೂ ಮರೆಯದಿರುವುದೇ ಗಿಟ್‌ನ ಗುಣ. ಇಲ್ಲಿ ಅದೇ ಅಪಾಯ. ಖಾತೆಯ ಗುಪ್ತಪದವನ್ನು ಪ್ರೋಗ್ರಾಮಿನೊಳಗೆ ಬರೆಯುವುದೂ ಕೂಡದು.

ಮಕ್ಕಳಿಗೆ ಈ ವಿದ್ಯೆಯಲ್ಲಿ ನೆರವಾಗಲು ರಕ್ಷಕರಿಗೆ ಗಣಕಜ್ಞಾನ ಬೇಕಾಗಿಲ್ಲ. ಮಗು ಯಾವುದಾದರೂ ಅಂಕಿಯನ್ನು ತಂದು ತೋರಿಸಿದಾಗ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಇದು ಎಲ್ಲಿಂದ ಬಂತು? ನಡುವೆ ಏನನ್ನು ಬದಲಾಯಿಸಿದೆ? ನಾಳೆ ಮತ್ತೆ ಮಾಡಿದರೆ ಇದೇ ಬರುತ್ತದೆಯೇ?

ನಮ್ಮ ಗುಂಪು ಹಿಂದಕ್ಕೆ ಬಂದ ಆ ಮನವಿಯ ಅಂಕಿಗಳನ್ನು ಶಾಲೆಗಳ ಮೂಲ ಪುಸ್ತಕಗಳಿಂದ ಮತ್ತೆ ನಕಲು ಮಾಡಿ, ಹೆಸರುಗಳನ್ನು ಕೈಬಿಟ್ಟು, ಶಾಲೆಗೆ ಒಂದು ಸಾಲಿನಂತೆ ಗಿಟ್ ಭಂಡಾರದಲ್ಲಿಟ್ಟಿತು. ಈಗ ಮೊತ್ತವನ್ನು ಪ್ರೋಗ್ರಾಮು ಬರೆಯುತ್ತದೆ. ಮೊದಲ ಪುಟಕ್ಕೂ ಅನುಬಂಧಕ್ಕೂ ಅದೇ ಸಂಖ್ಯೆ ಹೋಗುತ್ತದೆ. ಯಾವುದು ಸರಿಯೆಂದು ಮುಂದೆ ಯಾರಾದರೂ ಕೇಳಿದರೆ, ಪ್ರತಿ ಸಾಲಿನ ಹಿಂದಿರುವ ದಿನಾಂಕವನ್ನೂ ಕಾರಣವನ್ನೂ ತೆರೆದು ತೋರಿಸುತ್ತೇವೆ.